ಆಕ್ಟೇವಿಯಾ ಆರ್‌ಎಸ್ ಡೌನ್‌ಪೈಪ್: ಕ್ಯಾಟ್ ತೆಗೆಸಬೇಕಾ, ಇಟ್ಟುಕೊಳ್ಳಬೇಕಾ?

ಮೈಸೂರು ಆರ್‌ಎಸ್:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದೇ ಯೋಚನೆ. ಗೊತ್ತಿರುವವರು ದಯವಿಟ್ಟು ಹೇಳಿ.

ನನ್ನದು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರು. 2.0 ಟಿಎಸ್‌ಐ ಪೆಟ್ರೋಲ್ ಇಂಜಿನ್ (ಹೊಗೆಯ ಬಲದಿಂದ ತಿರುಗಿ ಗಾಳಿ ಒತ್ತುವ ಟರ್ಬೊ ಇರುವುದು), 230 ಎಚ್‌ಪಿ, ಆರು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಈಗ 68,000 ಕಿ.ಮೀ. ಆಗಿದೆ. ಕಳೆದ ವರ್ಷ ಸ್ಟೇಜ್ 1, ಅಂದರೆ ಭಾಗ ಯಾವುದನ್ನೂ ಬದಲಾಯಿಸದೆ ಪವರ್ ಹೆಚ್ಚಿಸುವ ಇಂಜಿನ್ ಸಾಫ್ಟ್‌ವೇರ್, ಹಾಕಿಸಿದೆ. ಅದರಿಂದ ಏನೂ ತೊಂದರೆ ಆಗಿಲ್ಲ. ಎಕ್ಸ್‌ಪಿ 95 ಬಿಟ್ಟು ಬೇರೆ ಪೆಟ್ರೋಲ್ ಹಾಕುವುದಿಲ್ಲ.

ಈಗ ಅದಕ್ಕಿಂತ ಹೆಚ್ಚು ಪವರ್ ಕೊಡುವ ಸ್ಟೇಜ್ 2ಗೆ ಹೋಗೋಣ ಅಂತ ಆಸೆ. ಅದಕ್ಕೆ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೆ ಒಯ್ಯುವ ಮೊದಲ ಪೈಪ್) ಬದಲಾಯಿಸಲೇಬೇಕು ಅಂತಾರೆ. ಎರಡು ಕಡೆ ವಿಚಾರಿಸಿದೆ. ಒಬ್ಬರು ಟರ್ಬೊದಿಂದ ಹಿಡಿದು ಹಿಂದಿನ ಸೈಲೆನ್ಸರ್‌ವರೆಗೆ ಪೂರ್ತಿ ಮೂರು ಇಂಚಿನ ಪೈಪ್ ಮಾಡಿಕೊಡುತ್ತೇನೆ, ಕ್ಯಾಟ್ (ಹೊಗೆಯ ವಿಷ ಸುಡುವ ಕ್ಯಾಟಲಿಟಿಕ್ ಕನ್ವರ್ಟರ್) ತೆಗೆದುಬಿಡೋಣ, ಅದರ ಹಿಂದಿನ ಆಮ್ಲಜನಕ ಸೆನ್ಸರ್‌ಗೆ ಒಂದು ಸ್ಪೇಸರ್ ಹಾಕಿದರೆ ಇಂಜಿನ್ ಲೈಟ್ ಬರಲ್ಲ ಅಂದರು. ಎಲ್ಲ ಸೇರಿ 65,000 ರೂಪಾಯಿ. ಇನ್ನೊಬ್ಬರು ವಿದೇಶದಿಂದ ತರಿಸಿದ, 200 ಸೆಲ್ ಕ್ಯಾಟ್ ಇರುವ ಡೌನ್‌ಪೈಪ್ ಮಾತ್ರ ಹಾಕೋಣ, ಹಿಂದಿನದನ್ನು ಮುಟ್ಟುವುದು ಬೇಡ ಅಂದರು. ಅದೊಂದಕ್ಕೇ 1.3 ಲಕ್ಷ, ಸಾಫ್ಟ್‌ವೇರ್ ಬೇರೆ. ನನ್ನ ಗೆಳೆಯನಂತೂ ಡೌನ್‌ಪೈಪೇ ಬೇಡ, ಹಿಂದಿನ ಬಾಕ್ಸ್ (ಸೈಲೆನ್ಸರ್) ಬದಲಾಯಿಸಿದರೆ ಸಾಕು ಅಂತಾನೆ.

ಟರ್ಬೊಗೆ ಸ್ವಲ್ಪ ಬ್ಯಾಕ್ ಪ್ರೆಷರ್ (ಹೊಗೆಗೆ ಹಿಂದಿನಿಂದ ಬರುವ ಒತ್ತಡ) ಇರಬೇಕು ಅಂತ ಒಬ್ಬರು ಹೇಳುತ್ತಾರೆ, ಇರಲೇಬಾರದು ಅಂತ ಇನ್ನೊಬ್ಬರು. ಯಾರ ಮಾತು ನಂಬುವುದು?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಮನೆಯ ಒಂದೇ ಕಾರು. ವಾರಕ್ಕೊಮ್ಮೆ ಬೆಂಗಳೂರು, ತಿಂಗಳಿಗೊಮ್ಮೆ ಹೆಂಡತಿಯ ತವರು ಮಡಿಕೇರಿ. ನಾಲ್ಕು ವರ್ಷದ ಮಗಳು ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಬರುತ್ತಾಳೆ. ಪಿಕಪ್ ಜಾಸ್ತಿ ಆಗಲಿ, ಆದರೆ ಒಳಗೆ ಕೂತವರಿಗೆ ಹಿಂಸೆ ಆಗಬಾರದು.

ಪೋಲೊ ಜಿಟಿ ಬೆಂಗಳೂರು:

ಸರ್, ಹಿಂದಿನ ಬಾಕ್ಸ್ ಬಗ್ಗೆ ಮಾತ್ರ ನಾನು ಹೇಳಬಲ್ಲೆ. ನನ್ನದು ಚಿಕ್ಕ ಗಾಡಿ, 1.2 ಟಿಎಸ್‌ಐ. ಎರಡು ವರ್ಷದ ಹಿಂದೆ ಹಿಂದಿನ ಸೈಲೆನ್ಸರ್ ತೆಗೆಸಿ ನೇರ ಹೋಗುವ ಬಾಕ್ಸ್ ಹಾಕಿಸಿದೆ. ಮೊದಲ ವಾರ ಆ ಸದ್ದು ಕೇಳಿ ಬಹಳ ಖುಷಿ. ಆಮೇಲೆ ತುಮಕೂರು ರೋಡಿನಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋದೆ. ಒಂದೇ ಸ್ಪೀಡಿನಲ್ಲಿ ಹೋಗುವಾಗ ಕಿವಿ ಒಳಗೆ ಯಾರೋ ಒತ್ತಿ ಹಿಡಿದ ಹಾಗೆ ಒಂದು ಗುಂಯ್ ಶಬ್ದ. ಅಮ್ಮ ನೆಲಮಂಗಲ ದಾಟುವಷ್ಟರಲ್ಲೇ ತಲೆನೋವು ಅಂದರು. ಪಿಕಪ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಏನೂ ಇರಲಿಲ್ಲ. ಹಳೇ ಬಾಕ್ಸ್ ಎಸೆದಿರಲಿಲ್ಲ, ವಾಪಸ್ ಹಾಕಿಸಿದೆ. ಮಗು ಮಲಗಬೇಕು ಅಂದರೆ ಹಿಂದಿನದನ್ನು ಮುಟ್ಟಬೇಡಿ.

ಘಟ್ಟದ ದಾರಿ:

ಮೈಸೂರಿನವರೇ, ನಿಮ್ಮದೇ ಗಾಡಿ ನನ್ನದೂ. 2017ರದ್ದೇ, ಶೋರೂಮಿನಿಂದ ತಂದಿದ್ದು. 1,12,000 ಕಿ.ಮೀ. ಆಗಿದೆ, ಸ್ಟೇಜ್ 2 ಆಗಿ ನಾಲ್ಕು ವರ್ಷ ದಾಟಿತು. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ, ಕೆಲಸದ ಮೇಲೆ ಮಂಗಳೂರಿಗೆ ಹೋಗಿಬರುತ್ತಲೇ ಇರುತ್ತೇನೆ. ಶಿರಾಡಿ ಘಟ್ಟವನ್ನು ಈ ಗಾಡಿಯಲ್ಲಿ ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಡೌನ್‌ಪೈಪ್ ವಿಷಯದಲ್ಲಿ ನನಗೆ ಒಂದು ಪೆಟ್ಟು ಬಿದ್ದಿದೆ. ಅದು ನಿಮಗೆ ಬೀಳಬಾರದು ಅಂತ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಬ್ಯಾಕ್ ಪ್ರೆಷರ್ ಮಾತು ಮುಗಿಸೋಣ. ಕೆರೆಯ ತೂಬು ನೋಡಿದ್ದೀರಲ್ವಾ? ಕೆರೆ ತುಂಬಿದ್ದು ಕೆಳಗಿನ ಕಾಲುವೆ ಖಾಲಿ ಇದ್ದರೆ ನೀರು ರಭಸವಾಗಿ ನುಗ್ಗುತ್ತದೆ. ಕಾಲುವೆಯೂ ತುಂಬಿಕೊಂಡಿದ್ದರೆ ಅದೇ ತೂಬಿನಲ್ಲಿ ನೀರು ಸೋಮಾರಿಯಾಗಿ ಹರಿಯುತ್ತದೆ. ಟರ್ಬೊ ಚಕ್ರ ತಿರುಗುವುದೂ ಹೀಗೇ. ಅದರ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಎಷ್ಟು ಅಂತರ ಇದೆಯೋ ಅಷ್ಟು ಶಕ್ತಿ. ಹಾಗಾಗಿ ಟರ್ಬೊ ದಾಟಿದ ಮೇಲೆ ಹೊಗೆಗೆ ಅಡ್ಡಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಬ್ಯಾಕ್ ಪ್ರೆಷರ್ ಬೇಕು ಅನ್ನುವ ಮಾತು ಟರ್ಬೊ ಇಲ್ಲದ ಇಂಜಿನ್‌ಗಳಿಂದ ಬಂದದ್ದು. ಅಲ್ಲೂ ನಿಜವಾಗಿ ಬೇಕಾಗಿರುವುದು ಹೊಗೆಯ ವೇಗ, ಒತ್ತಡ ಅಲ್ಲ.

ಹಾಗಾದರೆ ಅಡ್ಡಿ ಎಲ್ಲಿದೆ? ನಮ್ಮ ಇಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರ್‌ಗಳ ಹೊಗೆ ಕೂಡಿಸುವ ಕೊಳವೆ) ಬೇರೆ ಭಾಗವಾಗಿ ಇಲ್ಲ, ಸಿಲಿಂಡರ್ ಹೆಡ್ ಒಳಗೇ ಎರಕ ಹೊಯ್ದಿದ್ದಾರೆ. ಅಲ್ಲಿ ಬದಲಾಯಿಸಲು ಏನೂ ಇಲ್ಲ. ಹೆಡ್‌ಗೆ ನೇರವಾಗಿ ಟರ್ಬೊ. ಟರ್ಬೊ ಬಾಯಿಗೆ ಡೌನ್‌ಪೈಪ್, ಅದರೊಳಗೇ ಕ್ಯಾಟ್. ಆಮೇಲೆ ಫ್ಲೆಕ್ಸ್ (ಬಾಗುವ ಪೈಪ್ ತುಂಡು), ರೆಸೊನೇಟರ್ (ಸದ್ದು ತಗ್ಗಿಸುವ ಡಬ್ಬಿ), ಕೊನೆಗೆ ಹಿಂದಿನ ಸೈಲೆನ್ಸರ್. ಹೊಗೆ ಅತಿ ಬಿಸಿಯಾಗಿ, ಅತಿ ಹಿಗ್ಗಿಕೊಂಡು ಹೋಗುವ ಜಾಗದಲ್ಲೇ ಕ್ಯಾಟ್‌ನ ಸಣ್ಣ ಸಣ್ಣ ತೂತುಗಳು ಬರುತ್ತವೆ. ಒಂದು ಲೆಕ್ಕ ಹಾಕಿ. ಟರ್ಬೊ ಹಿಂದೆ 750 ಡಿಗ್ರಿ ಇದ್ದ ಹೊಗೆ ಹಿಂದಿನ ಬಾಕ್ಸ್ ಮುಟ್ಟುವಷ್ಟರಲ್ಲಿ 350 ಡಿಗ್ರಿಗೆ ಇಳಿದಿದೆ ಅಂದುಕೊಳ್ಳಿ. ಅದರ ಗಾತ್ರ ಸುಮಾರು ಶೇ. 60ಕ್ಕೆ ಕುಗ್ಗಿರುತ್ತದೆ. ಹಿಂದಿನ ಪೈಪ್ ಕಂಪನಿಯದ್ದೇ ಇದ್ದರೂ ಅದಕ್ಕೆ ಅಷ್ಟು ಕಷ್ಟವಿಲ್ಲ. ನಿಮ್ಮ ಗೆಳೆಯರು ಹೇಳಿದ್ದು ಸದ್ದು ಬೇಕಾದವರಿಗೆ ಸರಿ. ಪಿಕಪ್ ಬೇಕಾದವರಿಗೆ ಮುಂದಿನ ಭಾಗವೇ ಮುಖ್ಯ.

ನಿಮ್ಮ ಮಡಿಕೇರಿ ದಾರಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ 1.01 ಬಾರ್. ಮಡಿಕೇರಿ 1,100 ಮೀಟರಿಗಿಂತ ಎತ್ತರ, ಅಲ್ಲಿ 0.89 ಹತ್ತಿರ ಇರುತ್ತದೆ. ಸಾಫ್ಟ್‌ವೇರ್ ಒಟ್ಟು 2.3 ಬಾರ್ ಒತ್ತಡ ಕೇಳಿತು ಅಂದರೆ ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು 2.3 ಪಟ್ಟು ಒತ್ತಿದರೆ ಸಾಕು, ಮಡಿಕೇರಿಯಲ್ಲಿ 2.6 ಪಟ್ಟು ಒತ್ತಬೇಕು. ಅಷ್ಟು ಜಾಸ್ತಿ ತಿರುಗಬೇಕು, ಅಷ್ಟು ಜಾಸ್ತಿ ಬಿಸಿ ಆಗಬೇಕು. ಹಿಂದಿನ ಅಡ್ಡಿ ಕಡಿಮೆ ಮಾಡಿಕೊಟ್ಟರೆ ಟರ್ಬೊಗೆ ಉಸಿರಾಡಲು ಜಾಗ ಸಿಗುತ್ತದೆ. ನಾನು ಪೈಪ್ ಹಾಕಿಸಿದ ಮೇಲೆ ಮೊದಲು ಗಮನಕ್ಕೆ ಬಂದಿದ್ದು ಪೂರ್ತಿ ಪವರ್ ಅಲ್ಲ. ಗುಂಡ್ಯ ಬಿಟ್ಟು ಏರು ಶುರುವಾದ ಮೇಲೆ ಲಾರಿ ಹಿಂದೆ ನಿಧಾನವಾಗಿ ಬಂದು, ದಾರಿ ಸಿಕ್ಕಾಗ ಕಾಲು ಒತ್ತಿದರೆ, ಮೊದಲು 3000 ಆರ್‌ಪಿಎಂ ಹತ್ತಿರ ಬರುತ್ತಿದ್ದ ಎಳೆತ 2700ಕ್ಕೇ ಬರತೊಡಗಿತು. ಘಟ್ಟದಲ್ಲಿ ಓಡಿಸುವವರಿಗೆ ಅದೇ ನಿಜವಾದ ಲಾಭ.

ಈಗ ಕ್ಯಾಟ್. ದಯವಿಟ್ಟು ತೆಗೆಸಬೇಡಿ. ಕಂಪನಿ ಕ್ಯಾಟ್ ಜೇನುಹುಟ್ಟಿನ ಹಾಗೆ ಒತ್ತೊತ್ತಾಗಿರುತ್ತದೆ. 200 ಸೆಲ್ ಅಂದರೆ ಒಂದು ಚದರ ಇಂಚಿಗೆ 200 ತೂತು, ಗೋಡೆಗಳು ತೆಳುವಾದ ಲೋಹದ ಹಾಳೆ. ಹೊಗೆಗೆ ದೊಡ್ಡ ದಾರಿ ಸಿಗುತ್ತದೆ, ಸುಡಬೇಕಾದ ವಿಷವೂ ಬಹುಪಾಲು ಸುಡುತ್ತದೆ. ಪೂರ್ತಿ ತೆಗೆದರೆ ಅದಕ್ಕಿಂತ ಮೇಲೆ ಸಿಗುವುದು ನಮ್ಮ ಟರ್ಬೊ ಗಾತ್ರಕ್ಕೆ ಬಹಳ ಕಡಿಮೆ. ಕಳೆದುಕೊಳ್ಳುವುದು ಜಾಸ್ತಿ. ಬೆಳಿಗ್ಗೆ ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿದರೆ ಕಣ್ಣು ಉರಿಯುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಗು ಕೂರುವ ಗಾಡಿಗೆ ಅದು ಬೇಡವೇ ಬೇಡ. ಸ್ಪೇಸರ್ ಹಾಕುವುದು ಅಂದರೆ ಸೆನ್ಸರ್‌ನ ಮೂಗನ್ನು ಹೊಗೆಯಿಂದ ಸ್ವಲ್ಪ ದೂರ ಇಡುವುದು, ಅಷ್ಟೇ. ಲೈಟ್ ಬರದೇ ಇರಬಹುದು, ಹೊಗೆ ಏನೂ ಶುದ್ಧವಾಗುವುದಿಲ್ಲ.

ಇನ್ನು ನನಗೆ ಬಿದ್ದ ಪೆಟ್ಟು. ನಾನು ದುಡ್ಡು ಉಳಿಸಲು ಹೊರಗಿನದನ್ನು ತರಿಸಲಿಲ್ಲ, ಒಂದು ಕಡೆ ಮಾಡಿಸಿದೆ. ಮೂರು ಇಂಚು, 200 ಸೆಲ್ ಕ್ಯಾಟ್, ನೋಡಲು ಫಳಫಳ. ಏಳು ತಿಂಗಳು ಚೆನ್ನಾಗಿತ್ತು. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಟಿಕ್ ಅಂತ ಸಣ್ಣ ಸದ್ದು. ಐದು ನಿಮಿಷಕ್ಕೆ ನಿಂತಿತು. ಚಳಿಗೆ ಇರಬೇಕು ಅಂತ ಬಿಟ್ಟೆ. ಹದಿನೈದು ದಿನ ಆದ ಮೇಲೆ ಹಾಸನದ ಸಿಗ್ನಲ್‌ನಲ್ಲಿ ನಿಂತಾಗ ಎಸಿಯಿಂದ ಹೊಗೆ ವಾಸನೆ ಬಂತು. ಅದರ ಮರುವಾರ ಇಂಜಿನ್ ಲೈಟ್. ಸ್ಕ್ಯಾನ್ ಮಾಡಿದರೆ ಪಿ0420, ಅಂದರೆ ಕ್ಯಾಟ್ ಕೆಲಸ ಮಾಡುತ್ತಿಲ್ಲ.

ತೋರಿಸಿದ ಕಡೆಯಲ್ಲೆಲ್ಲ ಒಂದೇ ಮಾತು, ಕ್ಯಾಟ್ ಹೋಗಿದೆ. ಒಬ್ಬರು ಹೊಸ ಕ್ಯಾಟ್ ಅಂದರು, ಇನ್ನೊಬ್ಬರು 1,500 ರೂಪಾಯಿಗೆ ಸ್ಪೇಸರ್ ಅಂದರು. ಏಳು ತಿಂಗಳಿಗೆ ಕ್ಯಾಟ್ ಹೋಗುವುದು ಹೇಗೆ ಅಂತ ನನಗೆ ಸಮಾಧಾನವಾಗಲಿಲ್ಲ. ಭಾನುವಾರ ಗಾಡಿ ಪೂರ್ತಿ ತಣ್ಣಗಿದ್ದಾಗ ಮನೆಯ ವ್ಯಾಕ್ಯೂಮ್ ಕ್ಲೀನರ್ ತಂದು, ಗಾಳಿ ಊದುವ ಕಡೆಯ ಪೈಪನ್ನು ಹಿಂದಿನ ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಸಿಕ್ಕಿಸಿದೆ. ಪಕ್ಕದ ಇನ್ನೊಂದು ಬಾಯಿಗೆ ಗೋಣಿಚೀಲ ತುರುಕಿದೆ. ಮುಂದಿನ ಎರಡು ಚಕ್ರ ರ‍್ಯಾಂಪ್ ಮೇಲೆ ಹತ್ತಿಸಿ ಕೆಳಗೆ ಮಲಗಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಒಂದೊಂದೇ ಜಾಯಿಂಟಿಗೆ ಚಿಮುಕಿಸುತ್ತಾ ಹೋದೆ. ಟರ್ಬೊ ಹತ್ತಿರದ ಕ್ಲಾಂಪಿನಲ್ಲಿ ಏನೂ ಇಲ್ಲ. ಫ್ಲೆಕ್ಸ್ ಸರಿಯಿದೆ. ಕ್ಯಾಟ್‌ನ ಕೆಳಗಿನ ಕೋನ್ ಪೈಪಿಗೆ ಸೇರುವ ವೆಲ್ಡಿನಲ್ಲಿ, ಸೆನ್ಸರ್‌ಗಿಂತ ನಾಲ್ಕು ಬೆರಳು ಮೇಲೆ, ನೊರೆ ಉಕ್ಕಿತು. ಒರೆಸಿ ಟಾರ್ಚ್ ಬಿಟ್ಟು ನೋಡಿದೆ. ಕೂದಲೆಳೆಯಂಥ ಬಿರುಕು, ಒಂದು ಇಂಚಿಗಿಂತ ಸ್ವಲ್ಪ ಉದ್ದ. ಅದರ ಸುತ್ತ ಕಾಡಿಗೆಯ ಹಾಗೆ ಕಪ್ಪು.

ಆಗ ಎಲ್ಲ ಅರ್ಥವಾಯಿತು. ಹೊಗೆ ಪೈಪಿನಲ್ಲಿ ಒಂದೇ ಸಮ ಹರಿಯುವುದಿಲ್ಲ, ಬಡಿತ ಬಡಿತವಾಗಿ ಹೋಗುತ್ತದೆ. ಎರಡು ಬಡಿತದ ಮಧ್ಯೆ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಹಿಂದಿನ ಸೆನ್ಸರ್‌ಗೆ ಆ ಆಮ್ಲಜನಕ ಕಾಣುತ್ತದೆ. ಕ್ಯಾಟ್ ಸತ್ತಿದೆ ಅಂತ ಕಂಪ್ಯೂಟರ್ ತಿಳಿಯುತ್ತದೆ. ಗಾಡಿ ಬಿಸಿಯಾದರೆ ಲೋಹ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಆ ಟಿಕ್ ಟಿಕ್ ಐದು ನಿಮಿಷಕ್ಕೆ ನಿಲ್ಲುತ್ತಿತ್ತು. ಸ್ಪೇಸರ್ ಹಾಕಿಸಿಕೊಂಡಿದ್ದರೆ ಲೈಟ್ ಆರುತ್ತಿತ್ತೇನೋ, ಹೊಗೆ ಮಾತ್ರ ಎಸಿ ಒಳಗೆ ಬರುತ್ತಲೇ ಇರುತ್ತಿತ್ತು.

ಬಿರುಕು ಯಾಕೆ ಬಂತು? ಅಟ್ಟದಲ್ಲಿದ್ದ ಕಂಪನಿ ಪೈಪ್ ಇಳಿಸಿ ಪಕ್ಕದಲ್ಲಿಟ್ಟು ನೋಡಿದೆ. ಅದನ್ನು ಹಿಡಿದು ನಿಲ್ಲಿಸಲು ಒಂದು ಗಟ್ಟಿ ಬ್ರಾಕೆಟ್ ಇತ್ತು. ನನ್ನದಕ್ಕೆ ಅದನ್ನು ಮಾಡಿರಲೇ ಇಲ್ಲ. ಅಷ್ಟು ಭಾರದ ಪೈಪ್ ಟರ್ಬೊ ಬಾಯಿಗೆ ಜೋತುಬಿದ್ದಿತ್ತು. ಗ್ಯಾಸ್ ಕೊಟ್ಟಾಗಲೆಲ್ಲ ಇಂಜಿನ್ ಹೊಯ್ದಾಡುತ್ತದಲ್ಲ, ಆ ಅಲುಗಾಟವೆಲ್ಲ ಆ ಒಂದು ವೆಲ್ಡಿನ ಮೇಲೆ. ಬೇರೆಯವರ ಹತ್ತಿರ ಆ ಭಾಗ ಕತ್ತರಿಸಿ ಹೊಸದಾಗಿ ವೆಲ್ಡ್ ಮಾಡಿಸಿ, ಬ್ರಾಕೆಟ್ ಮಾಡಿಸಿದೆ. 6,000 ರೂಪಾಯಿ ಆಯಿತು. ಅದೇ ಕ್ಯಾಟ್ ಇವತ್ತಿಗೂ ಇದೆ. ಆ ಲೈಟ್ ಮತ್ತೆ ಬಂದಿಲ್ಲ.

ಅದಕ್ಕೇ ಹೇಳುತ್ತೇನೆ, ಎಷ್ಟು ಇಂಚು ಅಂತ ಕೇಳುವ ಮೊದಲು ಬ್ರಾಕೆಟ್ ಎಲ್ಲಿ ಅಂತ ಕೇಳಿ. ಹೊರಗಿನದೋ ಇಲ್ಲಿಯದೋ ಅನ್ನುವುದು ಆಮೇಲಿನ ಮಾತು.

ಪೈಪಿನ ಜೊತೆಗೇ ಸ್ಟೇಜ್ 2 ಸಾಫ್ಟ್‌ವೇರ್ ಹಾಕಿಸಿ. ಪೈಪ್ ಬದಲಾಯಿಸಿ ಹಳೆ ಸಾಫ್ಟ್‌ವೇರ್‌ನಲ್ಲೇ ತಿಂಗಳುಗಟ್ಟಲೆ ಓಡಿಸಬೇಡಿ, ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಲೆಕ್ಕ ತಪ್ಪುತ್ತದೆ. ಗೇರ್‌ಬಾಕ್ಸ್ ಸಾಫ್ಟ್‌ವೇರ್ ಬಗ್ಗೆಯೂ ಕೇಳಿ. ನಮ್ಮ ಆರು ಗೇರಿನ ಡಿಎಸ್‌ಜಿಯನ್ನು 350 ಎನ್‌ಎಂ ಸುತ್ತಮುತ್ತಲಿನ ಟಾರ್ಕ್‌ಗೆ ಮಾಡಿದ್ದಾರೆ, ಕಂಪನಿ ಟ್ಯೂನ್‌ನಲ್ಲೇ ಗಾಡಿ ಅಷ್ಟು ಕೊಡುತ್ತದೆ. ಸ್ಟೇಜ್ 2ರಲ್ಲಿ ಕ್ಲಚ್ ಒತ್ತಡ ಹೆಚ್ಚಿಸದಿದ್ದರೆ ಜಾರುತ್ತದೆ. ನಿಮ್ಮದು 68,000 ಆಗಿದೆ ಅಂದಿರಿ. 60,000ಕ್ಕೆ ಬದಲಾಯಿಸಬೇಕಾದ ಡಿಎಸ್‌ಜಿ ಆಯಿಲ್ ಬದಲಾಗಿದೆಯಾ, ಮೊದಲು ಅದನ್ನು ನೋಡಿ.

ಮೈಸೂರು ಆರ್‌ಎಸ್:

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಬಹಳ ಧನ್ಯವಾದ. ಕ್ಯಾಟ್ ತೆಗೆಸುವುದಿಲ್ಲ, ಹಿಂದಿನದನ್ನು ಮುಟ್ಟುವುದಿಲ್ಲ, ಅಷ್ಟು ನಿರ್ಧಾರ ಮಾಡಿದೆ. ಡಿಎಸ್‌ಜಿ ಆಯಿಲ್ ದಾಖಲೆ ಸರ್ವಿಸ್ ಪುಸ್ತಕದಲ್ಲಿ ಇಲ್ಲ, ಈ ವಾರವೇ ಮಾಡಿಸುತ್ತೇನೆ.

ಎರಡು ಪ್ರಶ್ನೆ ಉಳಿದಿದೆ. 1.3 ಲಕ್ಷ ನನಗೆ ಭಾರ. ಇಲ್ಲೇ ಮಾಡಿಸಿದರೆ ವೆಲ್ಡ್ ಚೆನ್ನಾಗಿದೆಯೋ ಇಲ್ಲವೋ ನನ್ನಂಥವನು ತಿಳಿಯುವುದು ಹೇಗೆ? ಹೊರಗಿನಿಂದ ಎಲ್ಲವೂ ಫಳಫಳ ಅನ್ನುತ್ತದೆ. ಇನ್ನೊಂದು, ಕ್ಯಾಟ್ ಇಟ್ಟುಕೊಂಡರೆ ಕಾನೂನಿನ ತೊಂದರೆ ಇಲ್ಲ ಅಲ್ವಾ?

ಪೀಣ್ಯ ಆರ್ಗಾನ್:

ಸರ್, ನಾನು ಸ್ಟೇನ್‌ಲೆಸ್ ವೆಲ್ಡಿಂಗ್ ಕೆಲಸದವನು. ಹದಿನಾರು ವರ್ಷ ಆಯಿತು. ಹೆಚ್ಚಿನದು ಔಷಧಿ, ಹಾಲಿನ ಫ್ಯಾಕ್ಟರಿಗಳ ಪೈಪ್. ಕಾರಿನ ಕೆಲಸವೂ ಮಾಡಿದ್ದೇನೆ. ವೆಲ್ಡ್ ನೋಡುವುದು ಹೊರಗಿನಿಂದ ಅಲ್ಲ, ಒಳಗಿನಿಂದ. ಪೈಪ್ ಗಾಡಿಗೆ ಹಾಕುವ ಮೊದಲು ಮೊಬೈಲ್ ಟಾರ್ಚ್ ಒಳಗೆ ಬಿಟ್ಟು ನೋಡಿ. ಒಳಗೆ ವೆಲ್ಡ್ ಗೆರೆ ಸಣ್ಣಗೆ, ನುಣ್ಣಗೆ, ಬೆಳ್ಳಿ ಅಥವಾ ಹೊಂಬಣ್ಣದಲ್ಲಿ ಕಾಣಬೇಕು. ತಳ ಹಿಡಿದು ಸುಟ್ಟ ಬೆಲ್ಲದ ಪಾಕದ ಹಾಗೆ ಕಪ್ಪಗೆ ಬೊಬ್ಬೆ ಬೊಬ್ಬೆಯಾಗಿದ್ದರೆ ತಗೋಬೇಡಿ. ಅದು ಗಾಳಿ ತಾಗದಂತೆ ಒಳಗೆ ಆರ್ಗಾನ್ ಗ್ಯಾಸ್ ತುಂಬಿಸದೆ ಮಾಡಿದ ಕೆಲಸ. ಬಿಸಿ ಲೋಹಕ್ಕೆ ಹಿಂಬದಿಯಿಂದ ಗಾಳಿ ತಾಗಿ ಅಲ್ಲಿ ತಾಕತ್ತೇ ಇರುವುದಿಲ್ಲ. ಬಿರುಕು ಶುರುವಾಗುವುದು ಅಲ್ಲಿಂದಲೇ.

ಒಳಗೆ ಗ್ಯಾಸ್ ತುಂಬಿಸಿ ಮಾಡುತ್ತೀರಾ ಅಂತ ನೇರವಾಗಿ ಕೇಳಿ. ಎರಡು ತುದಿಯನ್ನೂ ಟೇಪ್ ಹಚ್ಚಿ ಮುಚ್ಚಿ, ಒಂದು ಕಡೆಯಿಂದ ಗ್ಯಾಸ್ ಬಿಡುತ್ತೇವೆ. ಗ್ಯಾಸ್ ಖರ್ಚು, ಸಮಯ ಎರಡೂ ಜಾಸ್ತಿ. ಅದಕ್ಕೆ ಅರ್ಧ ದಿನ ಹೆಚ್ಚು ಕೇಳಿದರೆ ಕೊಡಿ.

304 ಗ್ರೇಡ್ ಸ್ಟೇನ್‌ಲೆಸ್ ತುಕ್ಕು ಹಿಡಿಯುವುದು ಕಡಿಮೆ, ಆದರೆ ಬಿಸಿಗೆ ಜಾಸ್ತಿ ಹಿಗ್ಗುತ್ತದೆ. ಒಂದು ಮೀಟರ್ ಪೈಪ್ 600 ಡಿಗ್ರಿ ಏರಿದರೆ ಸುಮಾರು ಒಂದು ಸೆಂಟಿಮೀಟರ್ ಉದ್ದವಾಗುತ್ತದೆ. 409 ಗ್ರೇಡ್ ಆದರೆ ಏಳು ಮಿಲಿಮೀಟರ್. ಈ ಹಿಗ್ಗುವಿಕೆಗೆ ಜಾಗ ಕೊಡುವುದಕ್ಕೇ ಫ್ಲೆಕ್ಸ್ ಇರುವುದು. ಬರೀ ಹೊರಗಿನ ಜಾಲರಿ ನೋಡಿ ಒಪ್ಪಬೇಡಿ. ಒಳಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಲೋಹದ ಸುರುಳಿ ಇರುವ ಫ್ಲೆಕ್ಸ್ ಕೇಳಿ. ಇಲ್ಲದಿದ್ದರೆ ಬೆಲ್ಲೋಸ್ (ಫ್ಲೆಕ್ಸ್‌ನ ಮಡಿಕೆ ಮಡಿಕೆ ತಗಡು) ಬೇಗ ಹರಿಯುತ್ತದೆ.

ಟರ್ಬೊ ಕಡೆಯ ವಿ-ಬ್ಯಾಂಡ್ (ಬಳೆಯಂಥ ಕ್ಲಾಂಪ್) ಕೂರುವ ಫ್ಲಾಂಜ್, ಅಂದರೆ ಪೈಪ್ ತುದಿಯ ಅಂಚಿನ ಉಂಗುರ, ರೆಡಿ ಮೆಷಿನ್ ಮಾಡಿದ್ದು ಸಿಗುತ್ತದೆ, ಅದನ್ನೇ ಹಾಕಿಸಿ. ವೆಲ್ಡ್ ಮಾಡುವಾಗ ಅದನ್ನು ಇನ್ನೊಂದು ದಪ್ಪ ಫ್ಲಾಂಜ್‌ಗೆ ಬಿಗಿದಿಟ್ಟು ಮಾಡಬೇಕು. ಸುಮ್ನೆ ಕೈಯಲ್ಲಿ ಹಿಡಿದು ಮಾಡಿದರೆ ಬಿಸಿಗೆ ಸೊಟ್ಟಗಾಗುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ಸೋರುತ್ತದೆ. ಫ್ಲಾಂಜನ್ನು ಗಾಜಿನ ಮೇಲೆ ಬೋರಲಿಟ್ಟು ಅಲುಗಾಡಿಸಿ ನೋಡಿ. ಟಕಟಕ ಅಂದರೆ ವಾಪಸ್ ಕೊಡಿ. ಘಟ್ಟದ ದಾರಿ ಸರ್ ಹೇಳಿದ ಬ್ರಾಕೆಟ್ ಮಾತು ನೂರಕ್ಕೆ ನೂರು ನಿಜ. ನಿಮ್ಮ ಕಂಪನಿ ಪೈಪನ್ನು ವೆಲ್ಡರ್ ಹತ್ತಿರ ಬಿಟ್ಟು ಬನ್ನಿ. ಅಳತೆಗೆ ಅದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ:

ನಾನಿರುವುದು ಜರ್ಮನಿಯಲ್ಲಿ, ಊರು ಶಿವಮೊಗ್ಗ. ಇಲ್ಲಿ ಹೇಗೆ ನಡೆಯುತ್ತದೆ ಅಂತ ಎರಡು ಮಾತು. ಪೈಪಿನ ಮೇಲೆ ಇ-ಮಾರ್ಕ್ (ಯುರೋಪಿನ ನಿಯಮದಂತೆ ಪಾಸಾದ ಗುರುತು) ಇರಬೇಕು, ಇಲ್ಲವೇ ಭಾಗದ ಜೊತೆ ಕೊಡುವ ಪರೀಕ್ಷಾ ಪತ್ರ ಹಿಡಿದು ಟಿಯುವಿಯಂಥ ತಪಾಸಣಾ ಸಂಸ್ಥೆಗೆ ಹೋಗಿ ಗಾಡಿಯ ದಾಖಲೆಗೆ ಸೇರಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಗಾಡಿ ರಸ್ತೆಗೆ ಇಳಿಯುವ ಅನುಮತಿಯೇ ಹೋಗುತ್ತದೆ. ಕಿರಿಕಿರಿ ಅನ್ನಿಸುತ್ತದೆ, ಆದರೆ ಒಂದು ಅನುಕೂಲ ಇದೆ. ಹಾಗೆ ಪಾಸಾದ ಭಾಗಕ್ಕೆ ಹೊಗೆ, ಸದ್ದು ಎರಡರ ಪರೀಕ್ಷೆಯೂ ಆಗಿರುತ್ತದೆ. ನೀವು ಹೊರಗಿನದನ್ನೇ ತರಿಸುವುದಾದರೆ ಪೈಪಿನ ಮೇಲೆ ಇ-ಮಾರ್ಕ್ ಇರುವ ತಟ್ಟೆ ಇದೆಯಾ ಅಂತ ಫೋಟೊ ಕೇಳಿ. ಭಾರತದ ಕಾನೂನಿಗೆ ಅದು ಅನುಮತಿ ಆಗುವುದಿಲ್ಲ, ಆದರೆ ಕ್ಯಾಟ್ ನಿಜವಾಗಿ ಕೆಲಸ ಮಾಡುತ್ತದೆ ಅನ್ನುವ ಭರವಸೆ ಸಿಗುತ್ತದೆ. ಒಂದು ಎಚ್ಚರ, 2018ರಿಂದ ಈಚೆಗೆ ಯುರೋಪಿನ ಪೆಟ್ರೋಲ್ ಟರ್ಬೊ ಗಾಡಿಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬರತೊಡಗಿತು. ಅಂಥ ಗಾಡಿಗೆ ಮಾಡಿದ ಪೈಪ್ ನಿಮ್ಮದಕ್ಕೆ ಹೊಂದುವುದಿಲ್ಲ. ಫಿಲ್ಟರ್ ಇಲ್ಲದ ಗಾಡಿಯದ್ದು ಅಂತ ಬಿಡಿಸಿ ಹೇಳಿ ತರಿಸಿ.

ಘಟ್ಟದ ದಾರಿ:

ಪೀಣ್ಯದವರು ಹೇಳಿದ ಗಾಜಿನ ಪರೀಕ್ಷೆ ನನಗೆ ನಾಲ್ಕು ವರ್ಷದ ಹಿಂದೆ ಗೊತ್ತಿರಬೇಕಿತ್ತು.

ಕಾನೂನಿನ ಪ್ರಶ್ನೆಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕ್ಯಾಟ್ ಇಟ್ಟುಕೊಂಡರೂ ಇದು ಮಾರ್ಪಾಡೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಸ್ವರೂಪದಿಂದ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿ ಆದ ಮೇಲೆ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಆಗಬಹುದು. ಸದ್ದು, ಹೊಗೆಯ ಮಿತಿ ಮೀರಿದರೆ 190ನೇ ಸೆಕ್ಷನ್ ಬೇರೆ. ಅದರಲ್ಲಿ 10,000 ರೂಪಾಯಿವರೆಗೆ ದಂಡ, ಲೈಸೆನ್ಸ್ ಮೂರು ತಿಂಗಳು ರದ್ದು. ಇದನ್ನು ತಿಳಿದೇ ನಿರ್ಧಾರ ಮಾಡಿ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಕಂಪನಿ ಪೈಪನ್ನು ಮಾರಬೇಡಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಅಟ್ಟದಲ್ಲಿಡಿ. ಇದು ಯಾಕೋ ಬೇಡ ಅನ್ನಿಸಿದರೆ ಸ್ಟೇಜ್ 1ರಲ್ಲೇ ಇರಿ, ಅದೂ ಒಳ್ಳೆಯ ಗಾಡಿಯೇ.

ಎಮಿಷನ್ ಟೆಸ್ಟ್ ಬಗ್ಗೆ. ನಮ್ಮದು ಬಿಎಸ್4 (ಹೊಗೆಯ ಮಿತಿಯ ಭಾರತ್ ಸ್ಟೇಜ್ 4 ದರ್ಜೆ). ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3, ಹೈಡ್ರೊಕಾರ್ಬನ್ 200 ಪಿಪಿಎಂ ದಾಟಬಾರದು. ಗಾಡಿ ಪೂರ್ತಿ ಬಿಸಿಯಾಗಿದ್ದಾಗ ಹೋಗಿ. ಕ್ಯಾಟ್ ಬಿಸಿಯಾಗದೆ ಕೆಲಸ ಶುರುಮಾಡುವುದಿಲ್ಲ.

ಪೈಪ್ ಹಾಕುವ ದಿನ ಸಾಧ್ಯವಾದರೆ ಪಕ್ಕದಲ್ಲೇ ನಿಲ್ಲಿ. ನನ್ನ ಗಾಡಿಯಲ್ಲಿ ಬಲಗಡೆ ಡ್ರೈವ್‌ಶಾಫ್ಟ್ (ಚಕ್ರ ತಿರುಗಿಸುವ ದಂಡ) ಬಿಚ್ಚಿ ಜಾಗ ಮಾಡಿಕೊಂಡು ಪೈಪನ್ನು ಕೆಳಗಿನಿಂದ ತೆಗೆದರು. ಆ ಶಾಫ್ಟ್ ಮೇಲೆ ಒಂದು ತಗಡಿನ ಬಿಸಿ ತಡೆ ಇರುತ್ತದೆ. ಹೊಸ ಪೈಪಿಗೆ ಅಡ್ಡ ಬರುತ್ತದೆ ಅಂತ ಕೆಲವರು ಅದನ್ನು ಬಿಟ್ಟುಬಿಡುತ್ತಾರೆ. ಬಿಡಲು ಒಪ್ಪಬೇಡಿ. ಅದಿಲ್ಲದಿದ್ದರೆ ಒಳಗಡೆಯ ಜಾಯಿಂಟಿನ ರಬ್ಬರ್ ಬೂಟ್ ಬಿಸಿಗೆ ಗಟ್ಟಿಯಾಗಿ ಒಡೆಯುತ್ತದೆ, ಗ್ರೀಸ್ ಎಲ್ಲ ಹೊರಗೆ ಬರುತ್ತದೆ. ವಿ-ಬ್ಯಾಂಡ್ ಗ್ಯಾಸ್ಕೆಟ್ ಹೊಸದೇ ಹಾಕಿಸಿ, ಹಳೆಯದನ್ನು ಒರೆಸಿ ಹಾಕುವುದು ಬೇಡ. ಮೊದಲ 500 ಕಿ.ಮೀ. ಆದ ಮೇಲೆ ತಣ್ಣಗಿದ್ದಾಗ ಎಲ್ಲ ಕ್ಲಾಂಪ್ ಒಂದು ಸಲ ಬಿಗಿ ಮಾಡಿಸಿ. ಬಿಸಿ ತಣ್ಣಗೆ ಆಗಿ ಆಗಿ ಕೂರುತ್ತವೆ.

ಮೈಸೂರು ಆರ್‌ಎಸ್:

ಆರು ವಾರ ಆಯಿತು, ಏನಾಯಿತು ಅಂತ ಹೇಳಲೇಬೇಕು.

ಮನೆಯಲ್ಲಿ ಕಾನೂನಿನ ವಿಷಯ ಸಹಿತ ಎಲ್ಲ ಹೇಳಿ, ಇಬ್ಬರೂ ಕೂತು ಮಾತಾಡಿ ಆಮೇಲೆ ಮಾಡಿಸಿದೆ. ಇಲ್ಲೇ ಮಾಡಿಸಿದ ಪೈಪ್, 304, 200 ಸೆಲ್ ಕ್ಯಾಟ್. ಕಂಪನಿ ಪೈಪನ್ನು ವೆಲ್ಡರ್ ಹತ್ತಿರ ಒಂದು ವಾರ ಬಿಟ್ಟಿದ್ದೆ. ಒಳಗೆ ಆರ್ಗಾನ್ ತುಂಬಿಸುತ್ತೀರಾ ಅಂತ ಕೇಳಿದಾಗ ಅವರು ಒಂದು ಹಳೆಯ ಪೈಪನ್ನು ಕತ್ತರಿಸಿ ಒಳಗಿನ ವೆಲ್ಡ್ ತೋರಿಸಿದರು. ಅಲ್ಲಿಗೆ ನನಗೆ ಧೈರ್ಯ ಬಂತು. ಬ್ರಾಕೆಟ್ ಕಂಪನಿಯದ್ದರ ಹಾಗೇ ಮಾಡಿಕೊಟ್ಟರು. ಫ್ಲಾಂಜನ್ನು ನಮ್ಮ ಟೀಪಾಯಿಯ ಗಾಜಿನ ಮೇಲಿಟ್ಟು ನೋಡಿದೆ, ಅಲುಗಾಡಲಿಲ್ಲ. ಪೈಪ್, ಕ್ಯಾಟ್, ಫಿಟ್ಟಿಂಗ್ ಸೇರಿ 58,000 ಆಯಿತು. ಸಾಫ್ಟ್‌ವೇರ್ ಬೇರೆ. ಡಿಎಸ್‌ಜಿ ಆಯಿಲ್ ತೆಗೆದಾಗ ಕರ‍್ರಗೆ ಬಂತು. ಅದನ್ನು ನೆನಪಿಸಿದ್ದಕ್ಕೆ ಅಣ್ಣನಿಗೆ ಇನ್ನೊಂದು ಧನ್ಯವಾದ.

ಎಮಿಷನ್ ಟೆಸ್ಟ್‌ನಲ್ಲಿ ಮಾನಾಕ್ಸೈಡ್ 0.04, ಹೈಡ್ರೊಕಾರ್ಬನ್ 31 ಬಂತು. ಇಂಜಿನ್ ಲೈಟ್ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ಒಂದು ನಿಮಿಷ ಸದ್ದು ಸ್ವಲ್ಪ ದಪ್ಪ, ಆಮೇಲೆ ಮೊದಲಿನ ಹಾಗೇ. ಎರಡು ಸಲ ಮಡಿಕೇರಿಗೆ ಹೋಗಿ ಬಂದೆ. ಕುಶಾಲನಗರ ದಾಟಿ ಆನೆಕಾಡಿನ ಏರಿನಲ್ಲಿ ಮೂರನೇ ಗೇರಿನಲ್ಲೇ ಗಾಡಿ ಹಗುರವಾಗಿ ಹತ್ತುತ್ತದೆ, ಮೊದಲು ಅಲ್ಲಿ ಎರಡಕ್ಕೆ ಇಳಿಯುತ್ತಿತ್ತು. ಮಗಳು ಹುಣಸೂರಿನಲ್ಲಿ ಮಲಗಿದವಳು ಮಡಿಕೇರಿಯಲ್ಲೇ ಎದ್ದಿದ್ದು.

500 ಕಿ.ಮೀ. ಆಗಲೇ ದಾಟಿತ್ತು, ನಿನ್ನೆ ಕ್ಲಾಂಪ್ ಬಿಗಿ ಮಾಡಿಸಲು ಹೋದೆ. ಹಿಂದಿನವು ಗಟ್ಟಿಯಾಗೇ ಇದ್ದವು. ಟರ್ಬೊ ಹತ್ತಿರದ ವಿ-ಬ್ಯಾಂಡ್ ನಟ್ ಅರ್ಧ ಸುತ್ತು ತಿರುಗಿತು.